ಗಾಜಿನ ತೊಟ್ಟಿಯೊಳಗಿನ ಹಸಿರು: ನೆಲ ಮತ್ತು ಬೆಳಕಿನ ಆಯ್ಕೆ

ಮಕ್ಕಳಿರುವ ಮನೆಯಲ್ಲಿ ಮೀನಿನ ತೊಟ್ಟಿಯೊಂದು ಬೇಕೆಂಬ ಬಯಕೆ ಹುಟ್ಟುವುದು ಸಹಜ. ಬಣ್ಣದ ಹರಳು, ಪ್ಲಾಸ್ಟಿಕ್ಕಿನ ಗಿಡಗಳ ನಡುವೆ ಮೀನು ಸಾಕುವುದು ಒಂದು ಬಗೆ. ಜೀವಂತ ಜಲಸಸ್ಯಗಳ ನಡುವೆ ಸಾಕುವುದು ಇನ್ನೊಂದು ಬಗೆ. ಎರಡನೆಯದು ಚಿಕ್ಕ ಪ್ರಮಾಣದ ಕೃಷಿಯೇ ಸರಿ. ಕೃಷಿಯೆಂದ ಮೇಲೆ ನೆಲ ಮತ್ತು ಬೆಳಕು ಹಾಸು-ಹೊಕ್ಕಿನಂತೆ ಹೊಂದಿಕೊಂಡಿರಬೇಕು. ಒಂದು ಹೆಚ್ಚಾಗಿ ಇನ್ನೊಂದು ತಪ್ಪಿದರೆ ಬಟ್ಟೆ ಕೆಡುವುದೆಂಬುದನ್ನು ಮಗ್ಗದ ನಾಡಾದ ನಮ್ಮ ಮಹಾಲಿಂಗಪುರ, ರಬಕವಿ-ಬನಹಟ್ಟಿಯ ಜನರಿಗೆ ಬಿಡಿಸಿ ಹೇಳಬೇಕಿಲ್ಲ.

ನಾವು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಕಬ್ಬು ಬೆಳೆಯುವ ಎರೆಮಣ್ಣಿಗಿಂತ ಉತ್ತಮವಾದುದು ಯಾವುದಿದೆ ಎಂಬ ಹೆಮ್ಮೆಯಿಂದ ಹೊಲದ ಮಣ್ಣನ್ನೇ ತಂದು ತೊಟ್ಟಿಯಲ್ಲಿ ಹಾಸಿದೆವು. ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಿ ದಿನಕ್ಕೆ 12 ಗಂಟೆ ದೀಪ ಉರಿಸಿದೆವು. ಎರಡು ವಾರ ಕಳೆಯುವಷ್ಟರಲ್ಲಿ ನೀರು ಹಸಿರು ರಾಡಿಯಾಯಿತು. ಒಂದು ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಚಡಪಡಿಸತೊಡಗಿದವು. ಸಂಜೆಯೊಳಗೆ ನಾಲ್ಕು ಸತ್ತವು. "ದಿನಾಲೂ ಊಟ ಹಾಕಿದ್ದೆವಲ್ಲ, ಯಾಕೆ ಸತ್ತವು?" ಎಂದು ಮನೆಯ ಮಗು ಕೇಳಿತು. ಊಟ ಹಾಕಿದ್ದೆವು, ಉಸಿರು ಉಳಿಸಿರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಗೊಬ್ಬರವುಂಡ ಮಣ್ಣು ನೀರಿನಲ್ಲಿ ನೆನೆದಾಗ ಅದರ ಸಾರವೆಲ್ಲ ನೀರಿಗಿಳಿಯುತ್ತದೆ. ಅದರೊಡನೆ ಮೀನಿಗೆ ವಿಷವಾದ ಅಮೋನಿಯವೂ ಬಿಡುಗಡೆಯಾಗಬಹುದು. ಸಾರವೂ ಅತಿಬೆಳಕೂ ಕೂಡಿದರೆ ಬೇರೂರದ ಗಿಡಗಳಿಗಿಂತ ಮೊದಲು ಪಾಚಿಯೇ ಉಂಡು ಬೆಳೆಯುತ್ತದೆ. ಹಗಲು ಆಮ್ಲಜನಕ ಕೊಡುವ ಆ ಪಾಚಿ ರಾತ್ರಿ ಅದನ್ನೇ ಬಳಸಿಕೊಳ್ಳುತ್ತದೆ. ಬೆಳಗಿನ ಜಾವ ಮೀನಿಗೆ ಉಸಿರು ಕಟ್ಟುವುದು ಇದರಿಂದಲೇ.

ಈ ಸಮತೋಲನದ ವಿಚಾರ ಹೊಸತಲ್ಲ. 1850ರಲ್ಲಿಯೇ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಹೊಂಬಣ್ಣದ ಮೀನು, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ, ಕೆಲವು ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿರಿಸಿ, ಅವು ಒಂದನ್ನೊಂದು ಪೋಷಿಸುವ ಬಗೆಯನ್ನು ವಿವರಿಸಿದರು. ಗಿಡ ಮೀನಿಗೆ ಉಸಿರು ಕೊಟ್ಟಿತು. ಕೊಳೆತ ಎಲೆಯನ್ನು ಬಸವನಹುಳು ತಿಂದಿತು.

ನೆಲದ ಆಯ್ಕೆ

ಹೊಸದಾಗಿ ಆರಂಭಿಸುವವರಿಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಸಾಕು. ಅದರಲ್ಲಿ ಸುಮಾರು 55 ಲೀಟರ್ ಹಿಡಿಯುತ್ತದೆ. ನೀರು, ಕಲ್ಲು, ಗಾಜು ಎಲ್ಲ ಸೇರಿ 70 ಕಿಲೋದಷ್ಟು ತೂಗುವುದರಿಂದ ಗಟ್ಟಿಮುಟ್ಟಾದ, ಸಮತಟ್ಟಾದ ಪೀಠ ಅತ್ಯಗತ್ಯ.

ಹಾಸಲು 2ರಿಂದ 3 ಮಿಲಿಮೀಟರ್ ಗಾತ್ರದ ದುಂಡನೆಯ ಸಣ್ಣ ಹರಳುಗಳು ಉತ್ತಮ. ತೀರ ನುಣುಪಾದ ಮರಳು ಬಿಗಿದುಕೊಳ್ಳಬಹುದು. ದೊಡ್ಡ ಹರಳುಗಳಲ್ಲಿ ಬೇರು ನಿಲ್ಲದು. ಮುಂಭಾಗದಲ್ಲಿ 4 ಸೆಂಟಿಮೀಟರ್, ಹಿಂಭಾಗದಲ್ಲಿ 6 ಸೆಂಟಿಮೀಟರ್ ದಪ್ಪಕ್ಕೆ ಹಾಸಲು 14–15 ಕಿಲೋ ಬೇಕಾಗುವುದು.

ನಮ್ಮ ಭಾಗದವರು ಇಲ್ಲೊಂದು ಎಚ್ಚರ ವಹಿಸಬೇಕು. ಮುಧೋಳ, ಲೋಕಾಪುರ, ಕಲಾದಗಿಯ ನೆಲದಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ. ಎರೆಮಣ್ಣಿನಲ್ಲಿಯೂ ಸುಣ್ಣದ ಹರಳುಗಳು ಸಿಗುತ್ತವೆ. ಇಂತಹ ಕಲ್ಲು ನೀರಿನಲ್ಲಿ ಮೆಲ್ಲನೆ ಕರಗಿ, ಮೊದಲೇ ಗಡಸಾದ ಕೊಳವೆಬಾವಿಯ ನೀರನ್ನು ಇನ್ನಷ್ಟು ಗಡಸಾಗಿಸುತ್ತದೆ. ಪರೀಕ್ಷೆ ಸುಲಭ: ಒಂದೆರಡು ಹರಳುಗಳನ್ನು ಕುಟ್ಟಿ ಪುಡಿಮಾಡಿ, ಮೇಲೆ ನಿಂಬೆರಸವನ್ನೋ ವಿನೆಗರನ್ನೋ ಹನಿಸಿರಿ. ನೊರೆಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು, ಬಳಸಬಾರದು. ಏಳದಿದ್ದರೆ ಸಾಬೂನು ಸೋಂಕಿಸದೆ, ನೀರು ತಿಳಿಯಾಗುವ ತನಕ ತೊಳೆದು ಹಾಸಬಹುದು.

ಹರಳಿನಲ್ಲಿ ಸ್ವಂತ ಸಾರವಿಲ್ಲ. ಆದ್ದರಿಂದ ಬೇರೂರುವ ಗಿಡಗಳ ಬುಡದಲ್ಲಿ ಜಲಸಸ್ಯಗಳಿಗೆಂದೇ ಮಾರುವ ಗೊಬ್ಬರದ ಗುಳಿಗೆಯನ್ನು ಹೂಳಬೇಕು. ಹೊಲದ ಯೂರಿಯಾ ಮುಂತಾದವನ್ನು ಎಂದಿಗೂ ಹಾಕಕೂಡದು.

ಬೆಳಕಿನ ಆಯ್ಕೆ

ಟ್ಯೂಬ್‌ಲೈಟಿನ ಕಾಲದಲ್ಲಿ ಬೆಳಕನ್ನು ವ್ಯಾಟಿನಿಂದ ಅಳೆಯುತ್ತಿದ್ದರು. ಈಗಿನ ಎಲ್‌ಇಡಿ ದೀಪಗಳು ಕಡಿಮೆ ವ್ಯಾಟಿನಲ್ಲಿಯೇ ಹೆಚ್ಚು ಬೆಳಕು ಕೊಡುವುದರಿಂದ ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಅಂಕಿಯನ್ನು ನೋಡಬೇಕು. ಲೀಟರಿಗೆ 20ರಿಂದ 25 ಲ್ಯೂಮೆನ್ ಹಿಡಿದರೆ ನಮ್ಮ ತೊಟ್ಟಿಗೆ 1100ರಿಂದ 1400 ಲ್ಯೂಮೆನ್, ಎಂದರೆ 12ರಿಂದ 15 ವ್ಯಾಟಿನ ದೀಪ ಸಾಕಾಗುವುದು. ಬಣ್ಣದ ಅಂಕಿ 6500 ಕೆಲ್ವಿನ್ ಆಸುಪಾಸಿನಲ್ಲಿದ್ದರೆ ಹಗಲಿನಂತಹ ಬಿಳಿ ಬೆಳಕು ದೊರೆಯುತ್ತದೆ.

ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ ಹೆಚ್ಚೆಂದರೆ 8 ಗಂಟೆ. ಹೊತ್ತು ತಪ್ಪದಂತೆ ಟೈಮರ್ ಅಳವಡಿಸುವುದು ಲೇಸು. ವಿದ್ಯುತ್ ಹೋಗಿ ಒಂದು ದಿನ ಬೆಳಕು ತಪ್ಪಿದರೆ ಗಿಡ ಸಾಯುವುದಿಲ್ಲ. ಅದನ್ನು ಸರಿದೂಗಿಸಲು ಮರುದಿನ ದುಪ್ಪಟ್ಟು ಉರಿಸಬಾರದು. ತೊಟ್ಟಿಯನ್ನು ಕಿಟಕಿಯ ನೇರ ಬಿಸಿಲಿಗಿಡಬಾರದು. ನಮ್ಮ ಬೇಸಿಗೆಯ ಬಿಸಿಲು ಪಾಚಿಯನ್ನು ಬೆಳೆಸುವುದಲ್ಲದೆ ನೀರನ್ನೂ ಕಾಯಿಸುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ದೀಪದ ತಂತಿ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದಿರಲಿ. ಹರಿದ ಹನಿ ಪ್ಲಗ್ಗಿಗೆ ತಲುಪದು. ತೊಟ್ಟಿಯಲ್ಲಿ ಕೈಯಿಡುವ ಮುನ್ನ ವಿದ್ಯುತ್ ಆರಿಸುವ ರೂಢಿಯನ್ನು ಮಕ್ಕಳಿಗೂ ಕಲಿಸಿರಿ.

ಗಿಡ ಮೊದಲು, ಮೀನು ನಂತರ

ಇಷ್ಟು ಬೆಳಕಿಗೆ ಒಗ್ಗುವ ಗಿಡಗಳನ್ನೇ ಆರಿಸಬೇಕು. ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲಿಯೂ ಬೆಳೆಯುತ್ತದೆ. ಕ್ರಿಪ್ಟೋಕೊರೈನ್ ಕುಲದ ಕೆಲವು ಗಿಡಗಳು ನಮ್ಮ ಪಶ್ಚಿಮ ಘಟ್ಟದ ತೊರೆಗಳವೇ; ಈ ಕುಲದ ಗಿಡಗಳನ್ನು ನೆಟ್ಟ ಹೊಸತರಲ್ಲಿ ಎಲೆ ಕರಗಿದರೂ ಕಿತ್ತೆಸೆಯಬಾರದು, ಬೇರಿನಿಂದ ಮತ್ತೆ ಚಿಗುರುತ್ತವೆ. ಜಾವಾ ಫರ್ನ್ ಮತ್ತು ಅನೂಬಿಯಸ್ ಗಿಡಗಳ ಕಾಂಡವನ್ನು ಹೂಳದೆ ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು.

ಗಿಡ ನೆಟ್ಟು ಮೂರು-ನಾಲ್ಕು ವಾರ ಕಾಯಿರಿ. ಈ ಅವಧಿಯಲ್ಲಿ ಹರಳುಗಳ ಮೇಲೆ ನೆಲೆಸತೊಡಗುವ ಸೂಕ್ಷ್ಮಜೀವಿಗಳು ಮೀನಿನ ಹೊಲಸನ್ನು ನಿರ್ವಿಷಗೊಳಿಸಬಲ್ಲವು. ಬಳಿಕ ಎರಡು-ಮೂರು ಮೀನುಗಳಿಂದ ಆರಂಭಿಸಿರಿ. ಗಡಸು ನೀರಿಗೆ ಗಪ್ಪಿ ಒಗ್ಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ಬೇಸತ್ತು ತೊಟ್ಟಿ ತೆಗೆದರೆ ಮೀನನ್ನಾಗಲಿ ಗಿಡವನ್ನಾಗಲಿ ಘಟಪ್ರಭೆಗೋ ಕೆರೆಗೋ ಬಿಡಬಾರದು. ಹೊರನಾಡಿನ ಜೀವಿಗಳು ಅಲ್ಲಿನ ಜೀವಿಗಳ ನೆಲೆಯನ್ನೇ ಕಸಿಯುತ್ತವೆ.

ಎರಡನೆಯ ಸಲ ನಾವು ಹೀಗೆಯೇ ಮಾಡಿದೆವು. ಬರಿಯ ಗಿಡಗಳಿದ್ದ ಆ ನಾಲ್ಕು ವಾರ ಮಗು ದಿನಾಲೂ ತೊಟ್ಟಿಯ ಮುಂದೆ ಕುಳಿತು, ಮೀನು ಯಾವಾಗ ಬರುವುದೆಂದು ಕೇಳುತ್ತಿತ್ತು. "ಅವುಗಳ ಮನೆ ಸಿದ್ಧವಾಗಲಿ" ಎನ್ನುತ್ತಿದ್ದೆವು. ಜೀವವೊಂದನ್ನು ಮನೆಗೆ ಕರೆತರುವ ಮುನ್ನ ಅದರ ನೆಲೆಯನ್ನು ಅಣಿಗೊಳಿಸುವುದೇ ದಯೆಯ ಮೊದಲ ಪಾಠ. ಅದನ್ನು ನಮ್ಮ ಮಕ್ಕಳು ಗಾಜಿನ ತೊಟ್ಟಿಯ ಮುಂದೆ ಕುಳಿತು ಕಲಿತರೆ, ಆ ಪುಟ್ಟ ಹಸಿರು ಸಾರ್ಥಕ.