ತಾಯಿ ಕುಡಿದರೆ ಮಗುವಿಗೂ ಕುಡಿಸಿದಂತೆ

ನಮ್ಮ ಖಾಲಾ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಕಳೆದ ರಜೆಯಲ್ಲಿ ಬೆಳಗಾವಿಯಿಂದ ಅವರ ಮನೆಗೆ ಹೋಗಿದ್ದೆ. ಗರ್ಭಿಣಿಯರ ತಾಯಿ ಕಾರ್ಡ್ ನೋಡುವಾಗ ಅವರು ಎಲ್ಲರಿಗೂ ಕೇಳುವ ಒಂದು ಪ್ರಶ್ನೆ ಇದೆಯಂತೆ: "ಸೆರೆ, ಬ್ರಾಂಡಿ ಏನಾದರೂ ತಗೋತೀಯೇನವ್ವಾ?" ಕೇಳಿ ನಾನು ನಕ್ಕೆ. ಖಾಲಾ ನಗಲಿಲ್ಲ. ದುಡಿದು ಮೈನೋವೆಂದು ಕುಡಿಯುವವರಿದ್ದಾರೆ, ಥಂಡಿಗೆ ಔಷಧಿಯೆಂದು ಕುಡಿಸುವ ಹಿರಿಯರಿದ್ದಾರೆ, ನಾವು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ ಎಂದರು. ಆಮೇಲೆ ನಾನು ಈ ವಿಷಯ ಓದತೊಡಗಿದೆ.

ಜರಾಯು ತಾಯಿಯ ರಕ್ತದಿಂದ ಮಗುವಿಗೆ ಆಹಾರ, ಆಮ್ಲಜನಕ ದಾಟಿಸುತ್ತದೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಮದ್ಯವನ್ನು ಅದು ತಡೆಯಲಾರದು. ಮದ್ಯವನ್ನು ಅರಗಿಸುವಷ್ಟು ಮಗುವಿನ ಯಕೃತ್ತು ಬೆಳೆದಿರುವುದಿಲ್ಲ. ಇದರಿಂದ ಗರ್ಭಪಾತವಾಗಬಹುದು, ಮಗು ಕಡಿಮೆ ತೂಕದ್ದಾಗಬಹುದು, ಮೆದುಳಿಗೆ ಹಾನಿಯಾಗಬಹುದು. 1973ರಲ್ಲಿ ಅಮೆರಿಕದ ವೈದ್ಯರಾದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದರ ತೀವ್ರ ರೂಪಕ್ಕೆ 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಮೆದುಳು ಒಂಬತ್ತೂ ತಿಂಗಳು ಬೆಳೆಯುತ್ತದೆ. ಆದ್ದರಿಂದ ಕುಡಿಯಲು ಸುರಕ್ಷಿತ ತಿಂಗಳೂ ಇಲ್ಲ, ಸುರಕ್ಷಿತ ಅಳತೆಯೂ ಇಲ್ಲ. ಬಾಣಂತಿಗೆ ಕುಡಿಸುವ ಬ್ರಾಂಡಿಯೂ ಎದೆಹಾಲಿಗೆ ಸೇರುತ್ತದೆ.

ಈ ಹಾನಿಗೊಳಗಾದ ಕೆಲವು ಮಕ್ಕಳಿಗೆ ಪಾಠ ನೆನಪಿಡುವುದು, ಒಂದೆಡೆ ಗಮನವಿಡುವುದು ಕಷ್ಟ. ನಾವು ಅವರನ್ನು 'ದಡ್ಡ' ಎಂದುಬಿಡುತ್ತೇವೆ. ಹಾನಿ ಪೂರ್ತಿ ವಾಸಿಯಾಗದು, ಆದರೆ ಬೇಗ ಗುರುತಿಸಿ ತಾಳ್ಮೆಯಿಂದ ಕಲಿಸಿದರೆ ಅವರ ಬದುಕು ಸುಧಾರಿಸುತ್ತದೆ.

ಆರನೇ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವಿದೆ. ಆದರೆ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ತಾವಾಗಿ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅಲ್ಲಿ ಹೇಳಿಕೊಳ್ಳಬಹುದು. ವ್ಯಸನ ಬಿಡಲು 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416 ಉಚಿತ ಸಹಾಯವಾಣಿಗಳು.

ನಮ್ಮ ಮನೆಗಳಲ್ಲಿ ಮದ್ಯ ಹರಾಮ್. ಹಾಗಾಗಿ ಇದು ನಮ್ಮ ವಿಷಯವಲ್ಲ ಎಂದುಕೊಂಡಿದ್ದೆ. ಆದರೆ ನಾಚಿಕೆ ಹೆಚ್ಚಿದ್ದಲ್ಲಿ ಮುಚ್ಚಿಡುವುದೂ ಹೆಚ್ಚು. ಖಾಲಾ ಯಾರನ್ನೂ ಬೈಯುವುದಿಲ್ಲ, ಯಾರ ಹೆಸರನ್ನೂ ಇನ್ನೊಬ್ಬರಿಗೆ ಹೇಳುವುದಿಲ್ಲ. ಗಂಡನನ್ನೂ ಕೂರಿಸಿ, "ನೀನೂ ಬಿಡಪ್ಪಾ, ಆಗ ಆಕೆಗೆ ಬಿಡೋದು ಸುಲಭ" ಎನ್ನುತ್ತಾರೆ. ನಮ್ಮಲ್ಲಿ ಮುಂದೆ ನರ್ಸ್, ಡಾಕ್ಟರ್, ಶಿಕ್ಷಕರಾಗುವವರಿದ್ದೇವೆ. ಖಾಲಾ ಕೇಳುವ ಹಾಗೆ ಕೇಳುವುದನ್ನು ಈಗಲೇ ಕಲಿಯೋಣ.