ಮನೆಯ ಚಿತ್ರಮಂದಿರಕ್ಕೆ ಎಷ್ಟು ವಾಟ್ ಬೇಕು?

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನಗಳಲ್ಲಿ ಎದ್ದ ಮನೆಗಳು ಹೇರಳವಾಗಿವೆ. ಇಂತಹ ಮನೆಯ ೧೨ ಅಡಿಗೆ ೧೫ ಅಡಿಯ ನಡುಮನೆಯಲ್ಲಿ ಚಿತ್ರಮಂದಿರದ ಧ್ವನಿವೈಭವವನ್ನು ಪಡೆಯಬೇಕೆಂಬ ಆಸೆ ಇಂದು ಅನೇಕರಿಗಿದೆ. ಅದಕ್ಕಾಗಿ ಅವರು ಕೊಳ್ಳುವ ಮುಖ್ಯ ಉಪಕರಣವೇ ಹೋಮ್ ಥಿಯೇಟರ್ ರಿಸೀವರ್. ಕೊಳ್ಳುವ ಮೊದಲೇ ಎರಡು ಪ್ರಶ್ನೆಗಳು ಏಳುತ್ತವೆ: ಎಷ್ಟು ವಾಟ್ ಸಾಮರ್ಥ್ಯದ್ದು ಬೇಕು? ಅದರ ಜೊತೆಗೆ ಬೇರೊಂದು ಆಂಪ್ಲಿಫೈಯರ್ ಕೂಡ ಬೇಕೆ? ಸಾವಿರಾರು ರೂಪಾಯಿಗಳ ಈ ಪ್ರಶ್ನೆಗಳನ್ನು ಅಂಗಡಿಯವರ ಮಾತಿಗೆ ಬಿಡದೆ, ಪ್ರೌಢಶಾಲೆಯ ಗಣಿತದಿಂದಲೇ ಬಿಡಿಸಬಹುದು.

ರಿಸೀವರಿನ ಪೆಟ್ಟಿಗೆಯೊಂದರಲ್ಲಿ ಮೂರು ಕೆಲಸಗಳು ಸೇರಿವೆ. ಬರುವ ಸಂಕೇತಗಳಲ್ಲಿ ಬೇಕಾದುದನ್ನು ಆರಿಸುವುದು ಮೊದಲನೆಯದು. ಅದನ್ನು ಬಿಡಿಸಿ ಮುಂದಿನ, ಪಕ್ಕದ, ಮೇಲಿನ ಸ್ಪೀಕರುಗಳಿಗೆ ಹಂಚುವುದು ಎರಡನೆಯದು. ಕ್ಷೀಣವಾದ ಆ ಸಂಕೇತಗಳಿಗೆ ಸ್ಪೀಕರನ್ನು ಅಲುಗಿಸುವಷ್ಟು ಬಲ ಕೊಡುವುದು ಮೂರನೆಯದು. ಹೊರಗಿನ ಆಂಪ್ಲಿಫೈಯರು ಈ ಮೂರನೆಯ ಕೆಲಸವನ್ನು ಮಾತ್ರ ವಹಿಸಿಕೊಳ್ಳುತ್ತದೆ.

ಡೆಸಿಬೆಲ್ಲಿನ ಲೆಕ್ಕ

ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರನ್ನು ಹೊತ್ತ ಡೆಸಿಬೆಲ್ ಶಬ್ದದ ಅಳತೆಗೋಲು. ಸ್ಪೀಕರಿಗೆ ಕೊಡುವ ವಾಟನ್ನು ಇಮ್ಮಡಿಗೊಳಿಸಿದರೆ ಶಬ್ದ ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತುಮಡಿ ವಾಟ್ ಬೇಕು. ಆದುದರಿಂದ ೧೦೦ ವಾಟಿನ ಬದಲು ೨೦೦ ವಾಟಿನ ಯಂತ್ರ ತಂದವನಿಗೆ ದೊರೆಯುವ ಲಾಭ ಬಹಳ ಸ್ವಲ್ಪ.

ಈಗ ನಮ್ಮ ನಡುಮನೆಗೆ ಬರೋಣ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ೮೮ ಡೆಸಿಬೆಲ್ ಸದ್ದು ಕೊಡುವ ಸ್ಪೀಕರು ನಮ್ಮಲ್ಲಿದೆ ಎನ್ನೋಣ. ನಾವು ಕುಳಿತಿರುವುದು ೩ ಮೀಟರ್ ದೂರದಲ್ಲಿ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ ೯.೫ ಡೆಸಿಬೆಲ್ ಇಳಿಯುತ್ತದೆ. ಕೊಠಡಿಯ ಗೋಡೆಗಳು ಶಬ್ದವನ್ನು ಹಿಂದಿರುಗಿಸುವುದರಿಂದ ೮ ಎಂದು ಹಿಡಿಯೋಣ. ಆಗ ಒಂದು ವಾಟಿಗೆ ೮೦, ಹತ್ತು ವಾಟಿಗೆ ೯೦, ನೂರು ವಾಟಿಗೆ ೧೦೦ ಡೆಸಿಬೆಲ್ ದೊರೆಯುತ್ತದೆ. ಚಿತ್ರಮಂದಿರದಲ್ಲಿ ಪರದೆಯ ಹಿಂದಿನ ಒಂದೊಂದು ಚಾನೆಲ್ಲಿನ ಅತ್ಯುಚ್ಚ ಗರ್ಜನೆಗೆ ೧೦೫ ಡೆಸಿಬೆಲ್ ಎಂಬುದು ಮಾನದಂಡ. ಮನೆಯಲ್ಲಿ ಅದಕ್ಕಿಂತ ೧೦ ಕಡಮೆ, ಎಂದರೆ ೯೫ ಸಾಕೆನ್ನುವವರಿಗೆ ಸುಮಾರು ೩೨ ವಾಟ್ ಬೇಕಾಗುತ್ತದೆ. ಆದರೆ ಸ್ಪೀಕರು ೮೮ರ ಬದಲು ೮೨ ಡೆಸಿಬೆಲ್ಲಿನದಾದರೆ, ಅದೇ ಸದ್ದಿಗೆ ಸುಮಾರು ೧೨೫ ವಾಟ್ ಬೇಕು! ಮೊದಲು ಆರಿಸಬೇಕಾದುದು ಸ್ಪೀಕರನ್ನೇ ಎಂಬುದು ಇದರಿಂದ ಸ್ಪಷ್ಟ.

ಪೆಟ್ಟಿಗೆಯ ಮೇಲಿನ ಅಂಕಿ

ಒಂದೇ ರಿಸೀವರನ್ನು ಒಂದು ಕಡೆ ೧೫೦ ವಾಟ್ ಎಂದೂ ಇನ್ನೊಂದು ಕಡೆ ೯೦ ವಾಟ್ ಎಂದೂ ಬರೆದಿರಬಹುದು. ಎರಡೂ ಸುಳ್ಳಲ್ಲ, ಅಳತೆಯ ಷರತ್ತುಗಳು ಬೇರೆ. ಒಂದೇ ಚಾನೆಲನ್ನು, ಒಂದೇ ಸ್ವರದಲ್ಲಿ, ಶೇಕಡ ೧೦ರಷ್ಟು ವಿಕೃತಿಯನ್ನು ಸಹಿಸಿ ಅಳೆದರೆ ಅಂಕಿ ಉಬ್ಬುತ್ತದೆ. ಎರಡು ಚಾನೆಲ್‌ಗಳನ್ನು ಒಟ್ಟಿಗೆ ನಡೆಸಿ, ೮ ಓಮ್ ಹೊರೆಯಲ್ಲಿ, ೨೦ರಿಂದ ೨೦,೦೦೦ ಹರ್ಟ್ಸ್‌ವರೆಗೆ, ಅತ್ಯಲ್ಪ ವಿಕೃತಿಯೊಡನೆ ಅಳೆದ ಅಂಕಿಯೇ ಹೋಲಿಕೆಗೆ ಯೋಗ್ಯ. ಎಲ್ಲ ಚಾನೆಲ್‌ಗಳೂ ಸಾಮಾನ್ಯವಾಗಿ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಶಕ್ತಿ ಪಡೆಯುವುದರಿಂದ, ಏಳೂ ಒಮ್ಮೆಗೆ ದುಡಿದಾಗ ಒಂದೊಂದರ ಪಾಲು ಕುಗ್ಗುತ್ತದೆ. ಚಲನಚಿತ್ರಗಳಲ್ಲಿ ಎಲ್ಲವೂ ಒಮ್ಮೆಗೇ ಗರ್ಜಿಸುವುದು ಅಪರೂಪವೆಂಬುದು ಸಮಾಧಾನದ ಸಂಗತಿ.

ಬಲ ಸಾಲದಾದಾಗ ಆಗುವ ಹಾನಿಯನ್ನೂ ತಿಳಿದಿರಬೇಕು. ಮಿತಿ ಮೀರಿದ ಆಂಪ್ಲಿಫೈಯರಿನಲ್ಲಿ ಶಬ್ದದ ಅಲೆಯ ಶಿಖರ ಚಪ್ಪಟೆಯಾಗುತ್ತದೆ. ಹಾಗೆ ಮೊಟಕಾದ ಅಲೆಯಲ್ಲಿ ಮೂಲದಲ್ಲಿಲ್ಲದ ಉಚ್ಚಸ್ವರಗಳು ಹುಟ್ಟಿ, ಸ್ಪೀಕರಿನ ಸೂಕ್ಷ್ಮವಾದ ಟ್ವೀಟರನ್ನು ಸುಡಬಲ್ಲವು.

ಹೊರಗಿನ ನೆರವು ಎಂದು ಬೇಕು?

ಮೂರು ಸಂದರ್ಭಗಳಲ್ಲಿ ಪ್ರತ್ಯೇಕ ಆಂಪ್ಲಿಫೈಯರು ಸಾರ್ಥಕ: ಸ್ಪೀಕರು ೪ ಓಮಿನದಾಗಿ ಹೆಚ್ಚು ವಿದ್ಯುತ್ ಪ್ರವಾಹವನ್ನು ಸೆಳೆಯುವಾಗ, ಕೊಠಡಿ ವಿಶಾಲವಾಗಿದ್ದು ಸ್ಪೀಕರಿನ ಸಂವೇದಿತೆ ಕಡಮೆಯಿರುವಾಗ, ರಿಸೀವರಿನೊಳಗಿನ ಆಂಪ್ಲಿಫೈಯರುಗಳಿಗಿಂತ ಹೆಚ್ಚು ಸ್ಪೀಕರುಗಳನ್ನು ನಡೆಸಬೇಕಾದಾಗ. ಇವಕ್ಕೆ ರಿಸೀವರಿನಲ್ಲಿ ಪ್ರೀ-ಔಟ್ ಎಂಬ ಹೊರದಾರಿ ಇರಲೇಬೇಕು. ಅದಿಲ್ಲದ ಯಂತ್ರ ಕೊಂಡವರಿಗೆ ಮುಂದೆ ಈ ಮಾರ್ಗ ಮುಚ್ಚಿದಂತೆಯೇ.

ರಿಸೀವರು ಕಾದು ತಾನೇ ನಿಂತುಹೋದರೂ ಆಂಪ್ಲಿಫೈಯರಿಗೆ ಓಡಬೇಕಾಗಿಲ್ಲ. ಮೊದಲು ತಂತಿಯ ಎಳೆಗಳು ಒಂದಕ್ಕೊಂದು ತಾಕಿವೆಯೇ, ಗಾಜಿನ ಬಾಗಿಲ ಷೋಕೇಸಿನಲ್ಲಿ ಅದಕ್ಕೆ ಗಾಳಿಯಿಲ್ಲವೇ ಎಂದು ನೋಡಬೇಕು. ಅನಂತರ ೮೦ ಹರ್ಟ್ಸ್‌ಗಿಂತ ಕೆಳಗಿನ ಮಂದ್ರಸ್ವರವನ್ನು ಸಬ್‌ವೂಫರಿಗೆ ಒಪ್ಪಿಸಬೇಕು. ಅತಿ ಹೆಚ್ಚು ಬಲ ಬೇಡುವ ಈ ಸ್ವರಗಳನ್ನು ಸಬ್‌ವೂಫರು ತನ್ನದೇ ಆಂಪ್ಲಿಫೈಯರಿನಿಂದ ನುಡಿಸುವುದರಿಂದ ರಿಸೀವರಿನ ಹೊರೆ ಬಹುವಾಗಿ ಇಳಿಯುತ್ತದೆ. ಸಂಭಾಷಣೆ ಅಸ್ಪಷ್ಟವಾಗಿದ್ದರೆ ದೋಷ ಬರಿಯ ಟೈಲ್ಸ್ ನೆಲದ ಪ್ರತಿಧ್ವನಿಯದಿರಬಹುದು. ಜಮಖಾನ, ದಪ್ಪ ಪರದೆಗಳು ಆಂಪ್ಲಿಫೈಯರು ಮಾಡದ ಉಪಕಾರವನ್ನು ಮಾಡುತ್ತವೆ.

ಕೊನೆಗೆ ನೆರೆಹೊರೆಯ ಮಾತು. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಶಬ್ದಮಿತಿ ಹಗಲು ೫೫, ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ೪೫ ಡೆಸಿಬೆಲ್. ಕೆಂಗೇರಿ ಉಪನಗರದ ಫ್ಲಾಟಿನಲ್ಲಾಗಲಿ, ವಿಜಯನಗರದ ಒತ್ತಾದ ಮನೆಗಳ ಸಾಲಿನಲ್ಲಾಗಲಿ, ಮಂದ್ರಸ್ವರವು ಗೋಡೆಯನ್ನು ಸುಲಭವಾಗಿ ದಾಟುತ್ತದೆ. ಆಚೆ ಮಲಗಿರುವ ಮಗುವಿಗೆ, ಓದುತ್ತಿರುವ ವಿದ್ಯಾರ್ಥಿಗೆ ನಮ್ಮ ವಾಟುಗಳು ಬೇಕಿಲ್ಲ. ಮೊದಲು ಸ್ಪೀಕರು, ಬಳಿಕ ಪ್ರೀ-ಔಟ್ ಇರುವ ರಿಸೀವರು, ಆಮೇಲೆ ಕೊಠಡಿಯ ಸುಧಾರಣೆ. ಲೆಕ್ಕ ಬೇಡಿದರೆ ಮಾತ್ರ ಆಂಪ್ಲಿಫೈಯರು. ಈ ಕ್ರಮವನ್ನು ಅನುಸರಿಸಿದವರ ಹಣವೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.