ಸಂದರ್ಶನದ ಅಂಗಿ: ಮೆಜೆಸ್ಟಿಕ್‌ನಲ್ಲಿ ಇಳಿಯುವವರಿಗೆ

ಕೂಡ್ಲಿಗಿಯಿಂದ ಕೆಲಸದ ಸಂದರ್ಶನಕ್ಕೆ ಹೊರಟವರ ಅಂಗಿಗೆ ಮೊದಲ ಪರೀಕ್ಷೆ ನಡೆಯುವುದು ಬಸ್ಸಿನಲ್ಲೇ. ಬೆಂಗಳೂರಿನ ಕಂಪನಿ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಿರುತ್ತದೆ. ರಾತ್ರಿ ಬಸ್ಸು ಹತ್ತಿ, ಸೀಟಿನಲ್ಲಿ ಮುದುಡಿ ಮಲಗಿ, ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಮೈಮೇಲಿನ ಬಟ್ಟೆಯಲ್ಲಿ ಇಡೀ ಪ್ರಯಾಣವನ್ನೇ ಓದಬಹುದು. ಹಡಗಲಿಯಿಂದ ಹೊಸಪೇಟೆಗೆ, ಹರಪನಹಳ್ಳಿಯಿಂದ ದಾವಣಗೆರೆಗೆ ಹೋಗುವವರಿಗೆ ದೂರ ಕಡಿಮೆ. ಧೂಳು ಮತ್ತು ಬೆವರು ಕಡಿಮೆಯೇನಲ್ಲ. ಸಂದರ್ಶನದ ಉಡುಪಿನ ಬಗ್ಗೆ ಸಿಗುವ ಸಲಹೆಗಳೆಲ್ಲ ಮನೆಯಿಂದ ಕಾರು ಹತ್ತಿ ಆಫೀಸಿನ ಬಾಗಿಲಲ್ಲಿ ಇಳಿಯುವವರಿಗಾಗಿ ಬರೆದಂತಿರುತ್ತವೆ. ನಮ್ಮ ಕಡೆಯವರಿಗೆ ಫ್ಯಾಷನ್ನಿಗಿಂತ ದಾರಿ ಮತ್ತು ನೀರು ಮುಖ್ಯ.

ಅದಕ್ಕೂ ಮೊದಲು ಒಂದು ಮಾತು. ಕರೆ ಬಂದಿರುವುದು ಸಂದರ್ಶನಕ್ಕೋ ಪರೀಕ್ಷೆಗೋ ನೋಡಿಕೊಳ್ಳಿ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದೆ. ನಮ್ಮ ರಾಜ್ಯದಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೂ ಲಿಖಿತ ಪರೀಕ್ಷೆಯೇ ಎಲ್ಲ. ಪರೀಕ್ಷೆಯ ಬಟ್ಟೆಯ ಲೆಕ್ಕ ಪೂರ್ತಿ ಬೇರೆ. 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕೇಂದ್ರಗಳಲ್ಲಿ ಬ್ಲೂಟೂತ್ ಅಕ್ರಮ ಸಿಕ್ಕಿಬಿದ್ದ ಮೇಲೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನವೆಂಬರಿನ ನಿಗಮ–ಮಂಡಳಿಗಳ ಪರೀಕ್ಷೆಗೆ ವಸ್ತ್ರಸಂಹಿತೆ ತಂದಿತು. ಗಂಡಸರಿಗೆ ಅರ್ಧತೋಳಿನ ಅಂಗಿ, ಜೀನ್ಸ್ ಇಲ್ಲ, ಬೂಟು ಇಲ್ಲ. ಹೆಂಗಸರಿಗೆ ತುಂಬುತೋಳು, ದೊಡ್ಡ ಗುಂಡಿ, ಭಾರಿ ಕಸೂತಿ, ಎತ್ತರದ ಹಿಮ್ಮಡಿ ಬೇಡ. ತಾಳಿ ಮತ್ತು ಕಾಲುಂಗುರ ಬಿಟ್ಟು ಬೇರೆ ಒಡವೆ ಬೇಡ. ಅಂದರೆ ಸಂದರ್ಶನಕ್ಕೆ ಯಾವುದು ಸರಿಯೋ ಅದರಲ್ಲಿ ಅರ್ಧದಷ್ಟು ಪರೀಕ್ಷೆಗೆ ತಪ್ಪು. ಪ್ರವೇಶಪತ್ರದ ಹಿಂದಿನ ಸೂಚನೆ ಓದದೆ ಬೂಟು ಹಾಕಿಕೊಂಡು ಹೋದವರು ಅದನ್ನು ಗೇಟಿನ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕಾದೀತು.

ಸಂದರ್ಶನವೇ ಆದರೆ ಸೂತ್ರ ಒಂದೇ: ಆ ಜಾಗದಲ್ಲಿ ಕೆಲಸ ಮಾಡುವವರು ದಿನಾ ಏನು ತೊಡುತ್ತಾರೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಎರಡು ಮೆಟ್ಟಿಲು ಹತ್ತಬೇಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಐಟಿಐ ಟ್ರೈನಿಯಾಗಿ ಹೋಗುವ ಹುಡುಗ ಅಕ್ಕನ ಮದುವೆಯ ಮಿಂಚುವ ಕೋಟು ಹಾಕಿಕೊಂಡು ಕೂತರೆ, ಇವನು ಮಷೀನು ಮುಟ್ಟುತ್ತಾನಾ ಎಂಬ ಅನುಮಾನ ಎದುರಿನವರಿಗೆ ಬಾರದಿರದು. ಅಲ್ಲಿಗೆ ಇನ್‌ಶರ್ಟ್ ಮಾಡಿದ ಅಂಗಿ, ಫಾರ್ಮಲ್ ಪ್ಯಾಂಟು, ಗಟ್ಟಿ ಬೂಟು ಧಾರಾಳವಾಯಿತು. ಮೆಡಿಕಲ್ ರೆಪ್ ಕೆಲಸಕ್ಕೆ ಟೈ ಕಟ್ಟಲೇಬೇಕು. ಆ ವೃತ್ತಿಯಲ್ಲಿ ಅದು ಸಮವಸ್ತ್ರವಿದ್ದ ಹಾಗೆ. ಉಳಿದವರಿಗೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಟೈ ಬರೀ ಹಿಂಸೆ. ಖಾಸಗಿ ಶಾಲೆಯ ಶಿಕ್ಷಕಿ ಹುದ್ದೆಗೆ ಕಾಟನ್ ಸೀರೆ ಇವತ್ತಿಗೂ ಮೊದಲ ಆಯ್ಕೆ. ಆದರೆ ಸೀರೆ ಉಟ್ಟು ಅಭ್ಯಾಸವಿಲ್ಲದವರು ಅವತ್ತೇ ಮೊದಲ ಸಲ ಉಡಬೇಡಿ. ಪಾಠ ಮಾಡಿ ತೋರಿಸಿ ಎಂದಾಗ ಕಪ್ಪುಹಲಗೆಗೆ ಕೈ ಎತ್ತುವುದೋ ಸೆರಗು ಹಿಡಿಯುವುದೋ ಎಂಬ ಪೇಚಾಟಕ್ಕಿಂತ ಪಿನ್ನು ಹಾಕಿದ ವೇಲಿನ ಸಾದಾ ಚೂಡಿದಾರ ಎಷ್ಟೋ ವಾಸಿ. ಮೈಕ್ರೊಫೈನಾನ್ಸ್ ಕಂಪನಿಯವರು ಹಳ್ಳಿ ಸುತ್ತುವವರನ್ನು ಹುಡುಕುತ್ತಿರುತ್ತಾರೆ, ಬೈಕ್ ಏರಬಲ್ಲ ಬಟ್ಟೆಯಾದರೆ ಸಾಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸಗಾರರು ಟೀಶರ್ಟಿನಲ್ಲಿ ಓಡಾಡುವುದು ನಿಜ. ಸಂದರ್ಶನಕ್ಕೆ ಹೋಗುವವರಿಗೆ ಕಾಲರಿನ ಅಂಗಿಯೇ ಕ್ಷೇಮ. ಬಳ್ಳಾರಿಯ ಜೀನ್ಸ್ ಉದ್ಯಮದ ಬಗ್ಗೆ ನನಗೂ ಅಭಿಮಾನವಿದೆ, ಆದರೂ ಅವತ್ತೊಂದು ದಿನ ಅದನ್ನು ಮನೆಯಲ್ಲಿ ಬಿಡಿ. ಗೊತ್ತಾಗದಿದ್ದರೆ ಆ ಕಂಪನಿಯಲ್ಲೋ ಪಕ್ಕದ ಕಂಪನಿಯಲ್ಲೋ ಇರುವ ಊರ ಹುಡುಗನಿಗೆ ಒಂದು ಫೋನು ಮಾಡಿ.

ಬಣ್ಣದ ವಿಚಾರದಲ್ಲಿ ಅಂಗಡಿಯವರ ಮಾತಿಗಿಂತ ಬೆವರಿನ ಮಾತು ಕೇಳಬೇಕು. ಬೂದು ಮತ್ತು ತಿಳಿನೀಲಿ ಅಂಗಿ ಒದ್ದೆಯಾದರೆ ಬಣ್ಣ ಗಾಢವಾಗಿ ಕಂಕುಳು, ಬೆನ್ನು ಎದ್ದು ಕಾಣುತ್ತವೆ. ಬಿಳಿಯಲ್ಲಿ, ಕಡುನೀಲಿಯಲ್ಲಿ ಈ ಕಲೆ ಅಷ್ಟಾಗಿ ಕಾಣದು. ಬಿಳಿಗೆ ನಮ್ಮ ಕಡೆ ಇನ್ನೊಂದು ಕಂಟಕವುಂಟು, ಬೋರಿನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಟ್ಟೆ ಸೋಪಿನ ಜೊತೆ ಸೇರಿ ನೊರೆಯ ಬದಲು ಜಿಗುಟಾಗಿ ನೂಲಿಗೆ ಅಂಟಿಕೊಳ್ಳುತ್ತವೆ. ನಾಲ್ಕು ಸಲ ಒಗೆಯುವುದರಲ್ಲಿ ಬಿಳಿ ಅಂಗಿ ಮಾಸಲಾಗುವುದು ಇದರಿಂದ. ಸೋಪಿನ ಬಿಲ್ಲೆ ಬಿಟ್ಟು ಡಿಟರ್ಜೆಂಟ್ ಪುಡಿ ಬಳಸಿ, ಕೊನೆಯ ಸಲ ಜಾಲಿಸಲು ನಲ್ಲಿಯ ಹೊಳೆ ನೀರೋ ಮಳೆ ನೀರೋ ಸಿಕ್ಕರೆ ಅದನ್ನೇ ಬಳಸಿ. ಬಿಳಿಗೆ ನೀಲಿ ಹಾಕುವಾಗ ಕೈ ಬಿಗಿ ಇರಲಿ, ಹೆಚ್ಚಾದರೆ ಅಂಗಿ ತೇಪೆ ತೇಪೆಯಾಗಿ ಕಾಣುತ್ತದೆ. ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಕೆನೆಬಣ್ಣ ಇದೆ.

ಬಟ್ಟೆ ಪೂರ್ತಿ ಹತ್ತಿಯದಾದರೆ ಬೆವರು ಹೀರುತ್ತದೆ, ಆದರೆ ಬಸ್ಸಿನಲ್ಲಿ ಸುಕ್ಕಾಗುತ್ತದೆ. ಪೂರ್ತಿ ಪಾಲಿಯೆಸ್ಟರು ಸುಕ್ಕಾಗದು, ಬೆವರನ್ನೂ ಹೀರದು, ವಾಸನೆ ಮಾತ್ರ ಉಳಿಯುತ್ತದೆ. ಎರಡೂ ಬೆರೆತ ಬಟ್ಟೆ ನಮ್ಮ ಪ್ರಯಾಣಕ್ಕೆ ಸರಿ.

ದುಬಾರಿ ಬ್ರ್ಯಾಂಡಿಗಿಂತ ಅಳತೆ ಹೆಚ್ಚು ಮಾತಾಡುತ್ತದೆ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೇ ನಿಲ್ಲಬೇಕು, ಕಾಲರಿನೊಳಗೆ ಎರಡು ಬೆರಳು ಹೋಗಬೇಕು, ತೋಳು ಮಣಿಕಟ್ಟಿಗೆ ಮುಗಿಯಬೇಕು. ಕೂತು ನೋಡಿದಾಗ ಗುಂಡಿಗಳ ನಡುವೆ ಅಂಗಿ ಬಾಯಿ ಬಿಡಬಾರದು. ಗೆಳೆಯನ ಅಂಗಿ ತೊಟ್ಟು ಹೋಗುವುದರಲ್ಲಿ ನಾಚಿಕೆಯೇನಿಲ್ಲ, ಆದರೆ ಭುಜ ಜೋತುಬಿದ್ದರೆ ಎರವಲು ಎಂಬುದು ದೂರದಿಂದಲೇ ಗೊತ್ತಾಗುತ್ತದೆ. ರೆಡಿಮೇಡ್ ಕೊಂಡು ಊರಿನ ಟೈಲರ್ ಹತ್ತಿರ ಸೊಂಟ, ಉದ್ದ ಸರಿ ಮಾಡಿಸಿಕೊಳ್ಳುವುದು ಅಗ್ಗದ ಉಪಾಯ. ದೀಪಾವಳಿಗೆ, ಕೊಟ್ಟೂರೇಶ್ವರ ತೇರಿಗೆ ಮುಂಚಿನ ವಾರಗಳಲ್ಲಿ ಟೈಲರುಗಳು ಯಾರ ಮಾತೂ ಕೇಳುವುದಿಲ್ಲ. ಸಂದರ್ಶನ ಆ ಹೊತ್ತಿಗೆ ಬಂದರೆ ಇರುವ ಅಂಗಿಯಲ್ಲೇ ಒಳ್ಳೆಯದನ್ನು ಆರಿಸಿ.

ಬೂಟು ಕೊಳ್ಳುವುದಾದರೆ ಸಂಜೆ ಕೊಳ್ಳಿ. ದಿನವಿಡೀ ನಿಂತು ನಡೆದ ಪಾದ ಸ್ವಲ್ಪ ಊದಿರುತ್ತದೆ, ಆಗ ಹಿಡಿಸಿದ್ದು ಮರುದಿನ ಕಚ್ಚದು. ಸಂದರ್ಶನಕ್ಕೆ ಮೊದಲು ಕೆಲವು ದಿನ ಮನೆಯಲ್ಲೇ ಹಾಕಿಕೊಂಡು ಓಡಾಡಿ. ಕರಿ ಬೂಟಿಗೆ ಕರಿ ಬೆಲ್ಟು, ಪ್ಯಾಂಟಿನ ಬಣ್ಣದ ಕಾಲುಚೀಲ. ಬಿಳಿ ಕ್ರಿಕೆಟ್ ಶೂ ಬೇಡವೇ ಬೇಡ. ಬೂಟೇ ಇಲ್ಲದವರು ಪಾಲಿಶ್ ಮಾಡಿದ ಪಟ್ಟಿಯ ಚಪ್ಪಲಿಯಲ್ಲಿ ಹೋದರೆ ಊರಿನ ಶಾಲೆಯಲ್ಲಿ, ಸೊಸೈಟಿಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಹಣೆಯ ವಿಭೂತಿ, ಕುಂಕುಮ ಅಳಿಸಿ ಹೋಗಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕಿಲ್ಲ. ಗಲಗಲ ಅನ್ನುವ ಬಳೆ ಮಾತ್ರ ಕಡಿಮೆ ಮಾಡಿ, ಪ್ರತಿ ಉತ್ತರಕ್ಕೂ ಅವು ತಾಳ ಹಾಕುತ್ತವೆ. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಅದರ ಘಮಕ್ಕೆ ನಾನೂ ಸೋತವನೇ. ಆದರೆ ಬಾಗಿಲು ಮುಚ್ಚಿದ ಎಸಿ ಕೋಣೆಯಲ್ಲಿ ಒಂದು ಮೊಳ ಮಲ್ಲಿಗೆ ಮುಡಿದು ಕೂತರೆ ಎದುರಿನವರಿಗೆ ತಲೆನೋವು ಬಂದೀತು. ಸೆಂಟಿಗೂ ಇದೇ ಮಾತು.

ಇನ್ನು ಪ್ರಯಾಣ. ಸಂದರ್ಶನದ ಬಟ್ಟೆ ತೊಟ್ಟು ಬಸ್ಸು ಹತ್ತಬೇಡಿ. ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ನಡುವೆ ಒಂದು ದಿನಪತ್ರಿಕೆ ಇಟ್ಟು ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲ್ಭಾಗದಲ್ಲಿಡಿ. ಬೂಟು ಬೇರೆ ಚೀಲದಲ್ಲಿ ತಳಕ್ಕೆ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಪರಿಚಿತರ ರೂಮು ಇದ್ದರೆ ಸರಿ, ಇಲ್ಲದಿದ್ದರೆ ಸುತ್ತಲಿನ ಲಾಡ್ಜುಗಳಲ್ಲಿ ಸ್ನಾನಕ್ಕಷ್ಟೇ ಕೆಲವು ಗಂಟೆ ರೂಮು ಕೊಡುವವರಿರುತ್ತಾರೆ, ದರ ಮೊದಲೇ ಕೇಳಿ. ತಿಂಡಿ ಮುಗಿಸಿಯೇ ಅಂಗಿ ಬದಲಿಸಿ, ಸಾಂಬಾರಿನ ಒಂದು ಹನಿ ಸಾಕು ಎಲ್ಲ ಕೆಡಿಸಲು. ಹೊಸಪೇಟೆ–ಹರಿಹರ ರೈಲಿನಲ್ಲಿ ಹೋಗುವವರು ಕಿಟಕಿ ಪಕ್ಕ ಕೂರದಿದ್ದರೆ ಅರ್ಧ ಧೂಳು ತಪ್ಪುತ್ತದೆ. ಅಂಗಿಯ ಜೇಬಿನಲ್ಲಿ ಒಂದು ಪೆನ್ನು ಬಿಟ್ಟು ಇನ್ನೇನೂ ಬೇಡ. ಮೊಬೈಲು ಬ್ಯಾಗಿನಲ್ಲಿರಲಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರ ಫೈಲಿನಲ್ಲಿರಲಿ.

ಈಚೆಗೆ ಮೊದಲ ಸುತ್ತಿನ ಸಂದರ್ಶನ ವಿಡಿಯೊದಲ್ಲೇ ಮುಗಿಯುವುದುಂಟು. ಆಗ ಸಣ್ಣ ಗೆರೆ, ಚಿಕ್ಕ ಚೌಕಳಿಯ ಅಂಗಿ ಬೇಡ, ಕ್ಯಾಮೆರಾದಲ್ಲಿ ಅವು ಅಲೆಯಾಡಿದಂತೆ ಕಾಣುತ್ತವೆ. ಗೋಡೆಯ ಬಣ್ಣದ್ದೇ ಅಂಗಿಯೂ ಬೇಡ. ಸೊಂಟದ ಕೆಳಗೆ ಲುಂಗಿ ಉಟ್ಟು ಕೂರುವ ಧೈರ್ಯ ಮಾಡುವವರಿದ್ದಾರೆ. ಕರೆಂಟು ಹೋಗಿ ಫೋನು ಹಿಡಿದು ಹೊರಗೆ ಎದ್ದು ಹೋಗಬೇಕಾಗಿ ಬಂದರೆ ಏನು ಮಾಡುತ್ತಾರೋ!